ಬಾಡಿಗೆ ಅಂಗಡಿಯ ಗೋಡೌನಿನಲ್ಲಿ ಉಳಿದುಕೊಂಡ ಒಪೆರಾಗಳು

ಒಪೆರಾ, ಅಂದ್ರೆ ಕಥೆಯನ್ನು ಹಾಡಿನಲ್ಲೇ ನಡೆಸುವ ಪಶ್ಚಿಮದ ಸಂಗೀತ ನಾಟಕ, ನಮಗೆ ಸಂಬಂಧವಿಲ್ಲದ ವಿಷಯ ಅಂತ ನೀವು ಅಂದುಕೊಂಡಿರಬಹುದು. ಆದರೂ ಒಂದು ಹಾಡನ್ನಂತೂ ಕೇಳಿಯೇ ಇರುತ್ತೀರಿ. ಯಾವುದೋ ಜಾಹೀರಾತಿನಲ್ಲಿ, ಟ್ಯಾಲೆಂಟ್ ಶೋ ತುಣುಕಿನಲ್ಲಿ ಒಬ್ಬ ಗಾಯಕ ಎರಡೂ ಕೈ ಚಾಚಿ, ಕಣ್ಣು ಮುಚ್ಚಿ, ಕೊನೆಗೆ 'ವಿಂಚೆರೋ' ಅಂತ ಮೇಲಿನ ಸ್ವರಕ್ಕೆ ಹತ್ತಿ ನಿಲ್ಲುತ್ತಾನಲ್ಲ, ಅದೇ. ಜಾಕೊಮೊ ಪುಚ್ಚೀನಿಯ 'ತುರಾಂದೋತ್' ಒಪೆರಾದ ಹಾಡು ಅದು. 1990ರಲ್ಲಿ ಇಟಲಿಯಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದಾಗ ಗಾಯಕ ಪವರೊಟ್ಟಿಯ ದನಿಯಲ್ಲಿ ಊರೂರಿಗೆ ಹಬ್ಬಿತು, ಆಮೇಲೆ ನಿಂತೇ ಇಲ್ಲ.

2023ರ ಡಿಸೆಂಬರಿನಲ್ಲಿ ಯುನೆಸ್ಕೊ ಇಟಲಿಯ ಒಪೆರಾ ಗಾಯನವನ್ನು ಜಗತ್ತಿನ ಪರಂಪರೆಗಳ ಪಟ್ಟಿಗೆ ಸೇರಿಸಿತು. ಗುಜರಾತಿನ ಗರ್ಬಾ ಆ ಪಟ್ಟಿಗೆ ಸೇರಿದ್ದೂ ಅದೇ ಸಭೆಯಲ್ಲಿ, ಹಾಗಾಗಿ ನಮ್ಮ ಪತ್ರಿಕೆಗಳಲ್ಲೂ ಆ ಸುದ್ದಿ ಬಂತು. ಆಗ ನನಗೆ ಹುಟ್ಟಿದ್ದು ಒಂದು ಸುಮ್ನೆ ಪ್ರಶ್ನೆ. ಗಾಯನ ಗಂಟಲಲ್ಲಿದೆ, ಗುರುವಿನಿಂದ ಶಿಷ್ಯರಿಗೆ ಹೋಗುತ್ತದೆ, ಸರಿ. ಆದರೆ ಒಪೆರಾ ಅನ್ನೋದು ಬಾಯಿಪಾಠದ ಕಲೆ ಅಲ್ಲ. ಯಾರೋ ಒಬ್ಬ ಕೂತು, ಮಸಿ ಅದ್ದಿ, ಒಂದೊಂದು ಸ್ವರವನ್ನೂ ಕಾಗದದ ಮೇಲೆ ಬರೆದಿದ್ದಾನೆ. ಆ ಕಾಗದ ಈಗ ಎಲ್ಲಿದೆ?

ಅದರಲ್ಲಿ ಆಶ್ಚರ್ಯವಾಗುವಷ್ಟು ದೊಡ್ಡ ಪಾಲು ಒಂದೇ ಕಡೆ ಇದೆ. ಮಿಲಾನ್ ನಗರದ ಬ್ರೆರಾ ಅರಮನೆಯಲ್ಲಿರುವ ರಾಷ್ಟ್ರೀಯ ಗ್ರಂಥಾಲಯದೊಳಗೆ. ಹೆಸರು ರಿಕೋರ್ದಿ ಐತಿಹಾಸಿಕ ಪತ್ರಾಗಾರ. ಅದನ್ನು ಉಳಿಸಿದ್ದು ರಾಜನಲ್ಲ, ಸರ್ಕಾರವಲ್ಲ, ವಿಶ್ವವಿದ್ಯಾಲಯವೂ ಅಲ್ಲ. ಒಂದು ಅಂಗಡಿ. ಅದೂ ಬಾಡಿಗೆಗೆ ಸಾಮಾನು ಕೊಡುವ ಅಂಗಡಿ.

ಮೊದಲು, ಸ್ಕೋರ್ ಅಂದ್ರೇನು?

ಕ್ರಿಕೆಟ್ ಸ್ಕೋರ್ ಅಲ್ಲ. ಸಂಗೀತದಲ್ಲಿ ಸ್ಕೋರ್ ಅಂದ್ರೆ ಇಡೀ ತಂಡ ಏನು ನುಡಿಸಬೇಕು, ಏನು ಹಾಡಬೇಕು ಅನ್ನೋದನ್ನೆಲ್ಲ ಒಂದರ ಕೆಳಗೆ ಒಂದು ಸಾಲಾಗಿ ಬರೆದ ಪುಸ್ತಕ.

ನಮ್ಮಲ್ಲಿ ಸಂಗೀತ ಕಲಿತವರಿಗೆ 'ಸ ರಿ ಗ ಮ' ಬರೆದ ನೋಟ್‌ಬುಕ್ ಗೊತ್ತು. ಅಲ್ಲಿ ಒಂದು ಸಾಲು ಸ್ವರ, ಅದರ ಕೆಳಗೆ ಒಂದು ಸಾಲು ಸಾಹಿತ್ಯ. ಹಾಡುವವರು ಹಾಡುತ್ತಾರೆ, ಪಿಟೀಲಿನವರು ಅದನ್ನೇ ಹಿಂಬಾಲಿಸುತ್ತಾರೆ, ಮೃದಂಗದವರು ತಮ್ಮ ಲೆಕ್ಕ ತಾವೇ ಹಾಕಿಕೊಳ್ಳುತ್ತಾರೆ. ಪಶ್ಚಿಮದ ಆರ್ಕೆಸ್ಟ್ರಾದಲ್ಲಿ ಹಾಗಲ್ಲ. ಅರವತ್ತು ಜನ ಕೂತಿದ್ದರೆ ಕೊಳಲಿನವರಿಗೆ ಒಂದು, ಕಹಳೆಯವರಿಗೆ ಇನ್ನೊಂದು, ನಗಾರಿಯವನಿಗೆ ಮತ್ತೊಂದು. ಒಂದೇ ಕ್ಷಣದಲ್ಲಿ ಎಲ್ಲರೂ ಬೇರೆಬೇರೆ ಸ್ವರ ನುಡಿಸುತ್ತಾರೆ, ಕೂಡಿದಾಗ ಅದು ಸಂಗೀತವಾಗುತ್ತದೆ. ಅವರ್ಯಾರೂ ಅಲ್ಲಿ ಮನೋಧರ್ಮದಿಂದ ನುಡಿಸುವ ಹಾಗಿಲ್ಲ, ಎಲ್ಲ ಬರೆದಿಟ್ಟಿರಬೇಕು.

ಹಾಗಾಗಿ ಸ್ಕೋರಿನ ಒಂದು ಪುಟದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಸಾಲುಗಳಿರಬಹುದು. ಓದುವುದು ಎಡದಿಂದ ಬಲಕ್ಕೆ, ಆದರೆ ಮೇಲಿಂದ ಕೆಳಗಿನವರೆಗೆ ಎಲ್ಲ ಸಾಲನ್ನೂ ಒಟ್ಟಿಗೆ. ರೈಲ್ವೆ ವೇಳಾಪಟ್ಟಿಯ ದೊಡ್ಡ ಚಾರ್ಟು ನೆನಪಿಸಿಕೊಳ್ಳಿ. ಹತ್ತು ಗಂಟೆಗೆ ಯಾವ ಗಾಡಿ ಎಲ್ಲಿದೆ ಅಂತ ತಿಳಿಯಬೇಕಾದರೆ ಬೆರಳನ್ನು ಉದ್ದಕ್ಕೆ ಕೆಳಗೆ ಎಳೆಯುತ್ತೀರಲ್ಲ, ಸ್ಕೋರನ್ನು ನೋಡುವುದೂ ಹಾಗೆ. ಐದು ಗೆರೆಗಳ ಮೇಲೆ ಗುಂಡು ಕೂರಿಸುವ ಈ ಬರವಣಿಗೆ ಬೆಳೆದದ್ದೂ ಇಟಲಿಯಲ್ಲೇ ಅನ್ನಬಹುದು. ಪಶ್ಚಿಮದವರ ಸರಿಗಮ ಅನ್ನಬಹುದಾದ 'ದೊ ರೆ ಮಿ'ಗೆ ಬೀಜ ಹಾಕಿದವನು ಹನ್ನೊಂದನೇ ಶತಮಾನದ ಅರೆತ್ಸೊದ ಗೀದೊ ಎಂಬ ಕ್ರೈಸ್ತ ಸನ್ಯಾಸಿ.

ಸ್ಕೋರಿನ ಬಂಧುಬಳಗ

ಒಂದು ಒಪೆರಾ ರಂಗಕ್ಕೆ ಬರಬೇಕಾದರೆ ಒಂದೇ ಪುಸ್ತಕ ಸಾಲದು. ಸಂಗೀತಗಾರ ತನ್ನ ಕೈಯಾರೆ ಬರೆದ ಸ್ಕೋರಿಗೆ ಆಟೋಗ್ರಾಫ್ ಅನ್ನುತ್ತಾರೆ. ನಮಗೆ ಆಟೋಗ್ರಾಫ್ ಅಂದ್ರೆ ಸಿನಿಮಾ ನಟರ ಸಹಿ, ಇಲ್ಲಿ ಅದು ಇಡೀ ಹಸ್ತಪ್ರತಿ. ನಾನು ಮುಂದೆ ಮೂಲಪ್ರತಿ ಅಂತಲೇ ಬರೆಯುತ್ತೇನೆ.

ಆರ್ಕೆಸ್ಟ್ರಾದಲ್ಲಿ ಕೂತ ಪಿಟೀಲಿನವನ ಮುಂದೆ ಇಡೀ ಸ್ಕೋರ್ ಇಟ್ಟರೆ ಅವನು ನಾಲ್ಕು ಸೆಕೆಂಡಿಗೊಮ್ಮೆ ಹಾಳೆ ತಿರುಗಿಸುತ್ತಾ ಕೂರಬೇಕಾಗುತ್ತದೆ. ಅವನಿಗೆ ಅವನ ಸಾಲು ಮಾತ್ರ ಸಾಕು. ಹಾಗೆ ಒಂದೊಂದು ವಾದ್ಯದ ಸಾಲನ್ನು ಬೇರೆ ತೆಗೆದು ಬರೆದ ಹಾಳೆಗಳಿಗೆ ಪಾರ್ಟ್ ಅಂತ ಹೆಸರು. ಒಂದು ಒಪೆರಾಕ್ಕೆ ಇಂಥ ಪಾರ್ಟ್‌ಗಳ ಒಂದು ದೊಡ್ಡ ಗಂಟೇ ಬೇಕು. ಜೆರಾಕ್ಸ್ ಇಲ್ಲದ ಕಾಲದಲ್ಲಿ ಇದನ್ನೆಲ್ಲ ಕೈಯಲ್ಲೇ ಬರೆಯಬೇಕಿತ್ತು ಅನ್ನೋದು ನೆನಪಿರಲಿ, ಈ ಕಥೆ ಶುರುವಾಗೋದೇ ಅಲ್ಲಿಂದ.

ಇನ್ನು ಲಿಬ್ರೆಟೋ. ಸ್ವರವಿಲ್ಲದ, ಬರೀ ಮಾತು ಮತ್ತು ಹಾಡಿನ ಸಾಹಿತ್ಯ ಇರುವ ಪುಟ್ಟ ಪುಸ್ತಕ. ಯಕ್ಷಗಾನದವರಿಗೆ ಪ್ರಸಂಗ ಪುಸ್ತಕ ಹೇಗೋ ಹಾಗೆ ಅಂತ ಹೇಳಬಹುದು, ಆದರೆ ಒಂದು ವ್ಯತ್ಯಾಸ. ಲಿಬ್ರೆಟೋವನ್ನು ನೋಡಲು ಬಂದ ಜನರಿಗೂ ಮಾರುತ್ತಿದ್ದರು. ಹಿಂದೆ ಟಾಕೀಸುಗಳ ಮುಂದೆ, ಜಾತ್ರೆಗಳಲ್ಲಿ ಸಿನಿಮಾ ಹಾಡಿನ ಪುಸ್ತಕ ಮಾರುತ್ತಿದ್ದರಲ್ಲ, ಥೇಟ್ ಅದೇ.

ಕೊನೆಯದು ಪಿಯಾನೊ ಪ್ರತಿ. ಹಾಡುಗಾರರ ಸಾಲನ್ನು ಹಾಗೇ ಇಟ್ಟು, ಅರವತ್ತು ಜನರ ಆರ್ಕೆಸ್ಟ್ರಾವನ್ನು ಹತ್ತು ಬೆರಳಿಗೆ ಇಳಿಸಿದ್ದು. ರೆಕಾರ್ಡು, ರೇಡಿಯೊ ಯಾವುದೂ ಇಲ್ಲದಾಗ ಸಿರಿವಂತರ ಮನೆಗಳಲ್ಲಿ ಹೊಸ ಒಪೆರಾದ ಹಾಡು ಕೇಳಬೇಕಾದರೆ ಯಾರಾದರೂ ಪಿಯಾನೊ ಮುಂದೆ ಕೂರಬೇಕಿತ್ತು. ಹಾಗಾಗಿ ಇದು ಚೆನ್ನಾಗಿ ಖರ್ಚಾಗುತ್ತಿದ್ದ ಮಾಲು.

ನಕಲು ಬರೆಯುವವನ ಅಂಗಡಿ

ಜೊವಾನ್ನಿ ರಿಕೋರ್ದಿ 1785ರಲ್ಲಿ ಹುಟ್ಟಿದವನು. ಪಿಟೀಲು ಬರುತ್ತಿತ್ತು, ಹೊಟ್ಟೆಪಾಡಿಗೆ ಸಂಗೀತ ನಕಲು ಮಾಡಿಕೊಡುತ್ತಿದ್ದ. 1807ರಲ್ಲಿ ಜರ್ಮನಿಯ ಲೈಪ್ಜಿಗ್‌ಗೆ ಹೋಗಿ, ಬ್ರೈಟ್‌ಕೊಫ್ ಉಂಡ್ ಹ್ಯಾರ್ಟೆಲ್ ಎಂಬ ಪ್ರಕಾಶನದಲ್ಲಿ ಸಂಗೀತವನ್ನು ಲೋಹದ ತಗಡಿನ ಮೇಲೆ ಕೆತ್ತಿ ಅಚ್ಚು ಹಾಕುವ ಕೆಲಸ ಕಲಿತು ಬಂದ. 1808ರಲ್ಲಿ ಮಿಲಾನಿನಲ್ಲಿ ತನ್ನ ಅಂಗಡಿ ತೆರೆದ.

ಮಿಲಾನಿನಲ್ಲಿ ಲಾ ಸ್ಕಾಲಾ ಇದೆ. ಒಪೆರಾ ಲೋಕದ ದೊಡ್ಡ ಮನೆ ಅದು. ಅಂದಿನ ಒಪೆರಾ ವ್ಯವಹಾರ ನಮ್ಮ ನಾಟಕ ಕಂಪನಿಗಳ ವ್ಯವಹಾರದ ಹಾಗೇ ಇತ್ತು: ಒಬ್ಬ ಯಜಮಾನ, ಒಂದು ಸೀಸನ್, ಗಾಯಕರ ಗುಂಪು, ಪರದೆ ಬರೆಯುವವರು, ಹೊಸ ನಾಟಕಕ್ಕೆ ಅವಸರ. ಸಂಗೀತಗಾರ ಬರೆದು ಮುಗಿಸಿದ ಹಾಳೆಗಳು ಒದ್ದೆ ಮಸಿಯಲ್ಲೇ ನಕಲುಗಾರರ ಕೈಗೆ ಹೋಗುತ್ತಿದ್ದವು. 1814ರಲ್ಲಿ ಜೊವಾನ್ನಿ ಲಾ ಸ್ಕಾಲಾದ ನಕಲುಗಾರನೂ ಪ್ರಾಂಪ್ಟರನೂ ಆದ. ರಂಗದ ಮುಂದಿನ ಗೂಡಿನಲ್ಲಿ ಕೂತು ಗಾಯಕರಿಗೆ ಮುಂದಿನ ಮಾತು ಪಿಸುಗುಟ್ಟುವವನೇ ಪ್ರಾಂಪ್ಟರ್. ಅಂದರೆ ಎಲ್ಲಿ ಚಪ್ಪಾಳೆ ಬಿತ್ತು, ಜನ ಎಲ್ಲಿ ಆಕಳಿಸಿದರು ಅಂತ ದಿನಾ ನೋಡುತ್ತಿದ್ದವನು. ಯಾವುದನ್ನು ಅಚ್ಚು ಹಾಕಿದರೆ ಖರ್ಚಾಗುತ್ತದೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

1825ರಲ್ಲಿ ಅವನು ಒಂದು ಘನವಾದ ವ್ಯಾಪಾರ ಮಾಡಿದ. ಲಾ ಸ್ಕಾಲಾದಲ್ಲಿ ರಾಶಿ ಬಿದ್ದಿದ್ದ ಹಳೆಯ ಸ್ಕೋರುಗಳ ಸಂಗ್ರಹವನ್ನೇ ಕೊಂಡುಕೊಂಡ. ಆಡಿ ಮುಗಿದ ಒಪೆರಾದ ಹಾಳೆಗಳು ಅಂದಿನ ಲೆಕ್ಕದಲ್ಲಿ ಹಳೇ ಕಾಗದ. ಜನಕ್ಕೆ ಬೇಕಿದ್ದದ್ದು ಹೊಸ ಒಪೆರಾ. ಜೊವಾನ್ನಿಗೆ ಮಾತ್ರ ಅದರಲ್ಲಿ ಸರಕು ಕಂಡಿತು.

ಮಾರುವುದಿಲ್ಲ, ಬಾಡಿಗೆ ಮಾತ್ರ

ಇಷ್ಟೊಂದು ಕಾಗದ ಯಾಕೆ ಉಳಿಯಿತು ಅನ್ನೋ ಪ್ರಶ್ನೆಗೆ ಉತ್ತರ ಇಲ್ಲಿದೆ.

ನಿಮ್ಮೂರಿನ ಶಾಮಿಯಾನ ಅಂಗಡಿಯವರನ್ನು ನೋಡಿ. ಕೊಪ್ಪರಿಗೆ, ಕುರ್ಚಿ, ಪೆಂಡಾಲು ಯಾವುದನ್ನೂ ಅವರು ಮಾರುವುದಿಲ್ಲ. ಮದುವೆಗೆ ಕೊಡುತ್ತಾರೆ, ಮದುವೆ ಮುಗಿದ ಮೇಲೆ ಎಣಿಸಿ ವಾಪಸ್ ತರುತ್ತಾರೆ, ತೊಳೆದು ಜೋಡಿಸಿಡುತ್ತಾರೆ. ಅವರ ಬದುಕೇ ಆ ಗೋಡೌನಿನಲ್ಲಿದೆ. ಒಂದು ಕೊಪ್ಪರಿಗೆ ಕಳೆದರೆ ಮುಂದಿನ ಎಲ್ಲ ಮದುವೆಯ ಬಾಡಿಗೆಯೂ ಹೋಯಿತು ಅಂತ ಲೆಕ್ಕ.

ರಿಕೋರ್ದಿ ಮಾಡಿದ್ದು ಇದನ್ನೇ. ಪಿಯಾನೊ ಪ್ರತಿ, ಲಿಬ್ರೆಟೋಗಳನ್ನು ಅಚ್ಚು ಹಾಕಿ ಯಾರಿಗೆ ಬೇಕಾದರೂ ಮಾರಿದ. ಪೂರ್ತಿ ಸ್ಕೋರು ಮತ್ತು ಆರ್ಕೆಸ್ಟ್ರಾ ಪಾರ್ಟ್‌ಗಳನ್ನು ಮಾತ್ರ ಮಾರಲಿಲ್ಲ. ನೇಪಲ್ಸಿನ ರಂಗಮಂದಿರವೋ ಲಂಡನ್ನಿನದೋ ಒಂದು ಒಪೆರಾ ಆಡಬೇಕು ಅಂದರೆ ಕೈಬರಹದ ಒಂದು ಸೆಟ್ಟನ್ನು ಬಾಡಿಗೆಗೆ ತರಿಸಿಕೊಳ್ಳಬೇಕು, ಆಡಿ ಮುಗಿದ ಮೇಲೆ ವಾಪಸ್ ಕಳಿಸಬೇಕು. ಹಾಗೆ ಕಳಿಸುವ ಎಲ್ಲ ಸೆಟ್ಟುಗಳಿಗೂ ತಾಯಿ ಆ ಮೂಲಪ್ರತಿ. ಅದು ಕೈತಪ್ಪಿದರೆ ಹೊಸ ನಕಲನ್ನು ಯಾವುದರಿಂದ ತೆಗೆಯೋದು, ಇದು ನಮ್ಮದು ಅಂತ ಯಾವ ಮುಖದಲ್ಲಿ ಹೇಳೋದು? ಹಾಗಾಗಿ ಕಲೆಯ ಮೇಲಿನ ಭಕ್ತಿಗಿಂತ ಜಾಸ್ತಿ, ಗಲ್ಲಾಪೆಟ್ಟಿಗೆಯ ಮೇಲಿನ ಭಕ್ತಿಯಿಂದ ಅದನ್ನು ಜೋಪಾನ ಮಾಡಿದರು. ಇದನ್ನು ನಾನು ಕೊಂಕಾಗಿ ಹೇಳುತ್ತಿಲ್ಲ. ಭಕ್ತಿಯಿಂದ ಇಟ್ಟ ಎಷ್ಟೋ ಕಾಗದ ಮಣ್ಣಾಗಿದೆ.

ರಿಕೋರ್ದಿ ಅನ್ನುವುದು ಆ ಮನೆತನದ ಹೆಸರಷ್ಟೇ, ಆದರೆ ಇಟಾಲಿಯನ್ ಭಾಷೆಯಲ್ಲಿ ಆ ಪದಕ್ಕೆ 'ನೆನಪುಗಳು' ಅನ್ನೋ ಅರ್ಥವೂ ಇದೆ. ಕಥೆಗಾರ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು.

ಕಳ್ಳ ನಕಲಿನ ಕಾಟ

ಬಾಡಿಗೆ ವ್ಯಾಪಾರಕ್ಕೆ ಒಂದು ಶತ್ರು ಇತ್ತು. ಪೈರಸಿ. ಹೌದು, ಆಗಲೂ.

ರಂಗಮಂದಿರದ ನಕಲುಗಾರನಿಗೆ ನಾಲ್ಕು ಕಾಸು ಕೊಟ್ಟರೆ ರಾತ್ರೋರಾತ್ರಿ ಇನ್ನೊಂದು ಪ್ರತಿ ಸಿಗುತ್ತಿತ್ತು. ಅದೂ ಆಗದಿದ್ದರೆ ಅಂಗಡಿಯಲ್ಲಿ ಸಿಗುವ ಪಿಯಾನೊ ಪ್ರತಿ ಕೊಂಡು, ಯಾರೋ ಬಡ ಸಂಗೀತಗಾರನಿಂದ ಅದಕ್ಕೆ ಆರ್ಕೆಸ್ಟ್ರಾ ಸಾಲುಗಳನ್ನು ಹೊಸದಾಗಿ ಬರೆಸಿಬಿಡುತ್ತಿದ್ದರು. ರಾಗ ಮೂಲದವನದು, ಮೈಬಟ್ಟೆ ಇನ್ಯಾರದೋ. ಬಾಡಿಗೆ ಕೊಡುವ ಮಾತೇ ಇಲ್ಲ.

ಕೇಸು ಹಾಕೋಣ ಅಂದರೆ ಇಟಲಿ ಅನ್ನೋ ದೇಶವೇ ಇರಲಿಲ್ಲ. 1861ರಲ್ಲಿ ಒಂದಾಗುವ ಮೊದಲು ಅದು ಹಲವು ರಾಜ್ಯಗಳ ತುಂಡು ತುಂಡು ನೆಲ. ಮಿಲಾನ್ ಆಸ್ಟ್ರಿಯಾದ ಕೈಯಲ್ಲಿ, ತುರೀನ್ ಸಾರ್ಡೀನಿಯಾ ರಾಜನ ಕೈಯಲ್ಲಿ, ನೇಪಲ್ಸಿಗೆ ಅದರದೇ ರಾಜ. ಒಂದು ಗಡಿ ದಾಟಿದರೆ ಹಕ್ಕು ಮುಗಿಯಿತು. 1840ರಲ್ಲಿ ಆಸ್ಟ್ರಿಯಾ ಮತ್ತು ಸಾರ್ಡೀನಿಯಾ ಒಂದು ಒಪ್ಪಂದಕ್ಕೆ ಬಂದು, ಒಬ್ಬರ ನೆಲದ ಲೇಖಕರ ಹಕ್ಕನ್ನು ಇನ್ನೊಬ್ಬರೂ ಕಾಯುತ್ತೇವೆ ಅಂದರು. ನೇಪಲ್ಸ್ ಮಾತ್ರ ಅದಕ್ಕೆ ಸೇರಲಿಲ್ಲ. 1882ರಲ್ಲಿ ಮಿಲಾನಿನಲ್ಲೇ ಇಟಲಿಯ ಲೇಖಕರ ಸಂಘ ಹುಟ್ಟಿತು, ಅದರ ಸ್ಥಾಪಕರ ಸಾಲಿನಲ್ಲಿ ಒಪೆರಾ ಸಂಗೀತಗಾರ ಜುಸೆಪ್ಪೆ ವೆರ್ದಿಯ ಹೆಸರಿದೆ. ಈ ಜಗಳಗಳಲ್ಲೆಲ್ಲ ರಿಕೋರ್ದಿಯವರಿಗೆ ಆಧಾರ ಬೇಕಿತ್ತು: ಕರಾರು ಪತ್ರ, ರಸೀದಿ, ಸಂಗೀತಗಾರ ಬರೆದ ಕಾಗದ, ತಾವು ಬರೆದ ಉತ್ತರದ ನಕಲು. ಹಾಗಾಗಿ ಅದೂ ಗೋಡೌನಿಗೆ ಸೇರಿತು.

ಒಳಗೆ ಏನೇನಿದೆ

ಸುಮಾರು 7,800 ಹಸ್ತಪ್ರತಿ ಸ್ಕೋರುಗಳು. ಅವುಗಳಲ್ಲಿ 600ಕ್ಕೂ ಜಾಸ್ತಿ ಒಪೆರಾಗಳು. ಸುಮಾರು 10,000 ಲಿಬ್ರೆಟೋಗಳು. ಸಾವಿರಾರು ಪತ್ರ, ಫೋಟೊ, ರಂಗಸಜ್ಜಿಕೆಯ ಚಿತ್ರ, ವೇಷಭೂಷಣದ ಚಿತ್ರ, ಪೋಸ್ಟರು. ಒಪೆರಾ ಬರೆದ ರೊಸ್ಸೀನಿ, ಬೆಲ್ಲೀನಿ, ದೊನಿಜೆತ್ತಿ ಎಲ್ಲರೂ ಇದ್ದಾರೆ. ವೆರ್ದಿಯ 28 ಒಪೆರಾಗಳಲ್ಲಿ 23ರ ಮೂಲಪ್ರತಿ ಇಲ್ಲಿದೆ. ಪುಚ್ಚೀನಿಯದು 'ಲಾ ರೋಂದಿನೆ' ಒಂದನ್ನು ಬಿಟ್ಟು ಎಲ್ಲವೂ ಇವೆ. ಅದೊಂದು ಯಾಕಿಲ್ಲ ಅಂದರೆ, ಅದನ್ನು ಅವನು ಎದುರಾಳಿ ಪ್ರಕಾಶಕ ಸೊನ್ಜೋನ್ಯೊಗೆ ಕೊಟ್ಟಿದ್ದ. ವೆರ್ದಿಯ 'ಅತ್ತಿಲಾ' ಕೂಡ ಹಾಗೇ. ಅದು ಲುಕ್ಕಾ ಅನ್ನೋ ಇನ್ನೊಂದು ಪ್ರಕಾಶನಕ್ಕೆಂದು ಬರೆದದ್ದು, ಮೂಲಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಲುಕ್ಕಾ ಪ್ರಕಾಶನವನ್ನೇ ರಿಕೋರ್ದಿ 1888ರಲ್ಲಿ ಕೊಂಡುಕೊಂಡಿತು. ದೊಡ್ಡ ಮೀನು, ಸಣ್ಣ ಮೀನು.

ನನಗೆ ಸ್ಕೋರಿಗಿಂತ ಪತ್ರಗಳೇ ಇಷ್ಟ. ಜೊವಾನ್ನಿಯ ಮೊಮ್ಮಗ ಜೂಲಿಯೊ ರಿಕೋರ್ದಿ ಬಹಳ ಚಾಣಾಕ್ಷ. 1870ರ ದಶಕದಲ್ಲಿ ವೆರ್ದಿ ಇನ್ನು ಒಪೆರಾ ಸಾಕು ಅಂತ ಹೊಲ ನೋಡಿಕೊಂಡು ಕೂತಿದ್ದಾಗ, ಇವನು ಬೊಯಿತೊ ಎಂಬ ಕವಿಯನ್ನು ಜೊತೆಗೂಡಿಸಿ, ಶೇಕ್ಸ್‌ಪಿಯರನ ಒಥೆಲೊ ನಾಟಕದ ಆಸೆ ಹುಟ್ಟಿಸಿದ. ಮುದುಕನನ್ನು ಒತ್ತಾಯ ಮಾಡಿದರೆ ಕೈಕೊಡುತ್ತಾನೆ ಅಂತ ಗೊತ್ತಿತ್ತು. ಅವರ ಪತ್ರಗಳಲ್ಲಿ ಆ ಒಪೆರಾವನ್ನು ಹೆಸರು ಹಿಡಿದು ಕರೆಯುವ ಬದಲು 'ಚಾಕೊಲೇಟ್' ಅನ್ನುತ್ತಿದ್ದರು. ಚಾಕೊಲೇಟ್ ಎಲ್ಲಿಗೆ ಬಂತು, ಅಂತ. 'ಒತೆಲ್ಲೊ' 1887ರಲ್ಲಿ ರಂಗಕ್ಕೆ ಬಂತು, 1893ರಲ್ಲಿ 'ಫಾಲ್‌ಸ್ಟಾಫ್', ಆಗ ವೆರ್ದಿಗೆ 79 ವರ್ಷ.

ಇನ್ನೊಂದು ವಸ್ತು ಹೇಳಲೇಬೇಕು, ಕಾಪಿ ಪುಸ್ತಕ. ಟೈಪ್ ಮಾಡುವಾಗ ಕಾರ್ಬನ್ ಇಡುವುದು ಬರುವ ಮೊದಲು ಆಫೀಸುಗಳಲ್ಲಿ ಒಂದು ಉಪಾಯವಿತ್ತು. ಕಾಗದ ಬರೆದು, ಅದರ ಮೇಲೆ ಒದ್ದೆ ಮಾಡಿದ ತೆಳ್ಳನೆಯ ಹಾಳೆ ಇಟ್ಟು, ತಿರುಪಿನ ಪ್ರೆಸ್ಸಿನಲ್ಲಿ ಒತ್ತಿದರೆ ಮಸಿ ಸ್ವಲ್ಪ ತೆಳು ಹಾಳೆಗೂ ಇಳಿಯುತ್ತದೆ. ತೆಳು ಹಾಳೆಯಾದ್ದರಿಂದ ಹಿಂದಿನಿಂದ ನೋಡಿದರೆ ಅಕ್ಷರ ನೆಟ್ಟಗೆ ಕಾಣುತ್ತದೆ. ಕಳಿಸಿದ ಪ್ರತಿ ಪತ್ರದ ನಕಲನ್ನು ಹೀಗೆ ಪುಸ್ತಕವಾಗಿ ಹೊಲಿಸಿ ಇಟ್ಟಿದ್ದಾರೆ. ಬಂದ ಪತ್ರ ಎಲ್ಲರೂ ಇಟ್ಟುಕೊಳ್ಳುತ್ತಾರೆ, ಹೋದ ಪತ್ರವೂ ಸಿಗೋದು ಅಂದ್ರೆ ಫೋನಿನ ಎರಡೂ ಕಡೆಯ ಮಾತು ಕೇಳಿಸಿದ ಹಾಗೆ.

ಒಂದು ಪುಟ, ಎರಡು ಮಸಿ

ವೆರ್ದಿಯ ಒಂದು ಮೂಲಪ್ರತಿ ಪುಟವನ್ನು ಹತ್ತಿರದಿಂದ ನೋಡೋಣ. ಕಾಗದ ಅಡ್ಡ ಅಗಲ, ಸಾಲುಗಳನ್ನು ಮೊದಲೇ ಎಳೆದಿದೆ. ತೀರಾ ಮೇಲೆ ಪಿಟೀಲುಗಳು, ನಡುವೆ ಕೊಳಲು ಕಹಳೆಗಳು, ಅದರ ಕೆಳಗೆ ಹಾಡುವವರು, ತಳದಲ್ಲಿ ದಪ್ಪ ದನಿಯ ಚೆಲ್ಲೊ ಮತ್ತು ಬಾಸ್. ಹಳೆಯ ಇಟಲಿಯ ಕ್ರಮ ಇದು, ಈಗಿನ ಅಚ್ಚಿನ ಸ್ಕೋರುಗಳಲ್ಲಿ ಪಿಟೀಲು ಕೆಳಕ್ಕೆ ಇಳಿದಿದೆ.

ಸರಿಯಾಗಿ ನೋಡಿದರೆ ಎಲ್ಲ ಸಾಲಿನ ಮಸಿ ಒಂದೇ ಬಣ್ಣದಲ್ಲಿಲ್ಲ. ಹಾಡುವವರ ಸಾಲು ಮತ್ತು ಬಾಸ್ ಸಾಲು ಒಂದು ಬಣ್ಣ, ನಡುವಿನ ವಾದ್ಯಗಳು ಇನ್ನೊಂದು ಛಾಯೆ. ಯಾಕೆ ಅಂದರೆ ವೆರ್ದಿ ಪುಟವನ್ನು ಒಂದೇ ಸಲಕ್ಕೆ ಬರೆಯುತ್ತಿರಲಿಲ್ಲ. ಮೊದಲು ಹಾಡು, ಬಾಸ್, ಮುಖ್ಯವಾದ ಒಂದೆರಡು ವಾದ್ಯದ ಎಳೆ. ಅಷ್ಟೇ. ಉಳಿದ ಸಾಲುಗಳು ಖಾಲಿ. ಮನೆಗೆ ಹಂದರ ಹಾಕಿದ ಹಾಗೆ. ಈ ಹಂದರದಿಂದ ನಕಲುಗಾರರು ಗಾಯಕರ ಪಾರ್ಟ್ ಬರೆದುಕೊಂಡು ಹೋಗುತ್ತಿದ್ದರು, ಅವರು ಕಲಿಯಲು ಶುರು ಮಾಡುತ್ತಿದ್ದರು. ಹಾಳೆ ವಾಪಸ್ ಬಂದ ಮೇಲೆ ವೆರ್ದಿ ಖಾಲಿ ಸಾಲುಗಳಲ್ಲಿ ಆರ್ಕೆಸ್ಟ್ರಾ ತುಂಬುತ್ತಿದ್ದ. ನಡುವೆ ದಿನಗಳು, ವಾರಗಳು ಕಳೆದಿರುತ್ತಿದ್ದವು, ಮಸಿಯ ಬಾಟಲಿಯೂ ಬದಲಾಗಿರುತ್ತಿತ್ತು. ಹಾಗಾಗಿ ಯಾವುದು ಮೊದಲು ಹೊಳೆದದ್ದು, ಯಾವುದು ಆಮೇಲೆ ಸೇರಿದ್ದು ಅಂತ ಬಣ್ಣವೇ ಹೇಳಿಬಿಡುತ್ತದೆ. ಅಚ್ಚಾದ ಪುಸ್ತಕದಲ್ಲಿ ಎಲ್ಲ ಒಂದೇ ಕಪ್ಪು. ಈ ಕಥೆ ಅಲ್ಲಿ ಕಾಣುವುದಿಲ್ಲ.

ಪುಚ್ಚೀನಿಯ ಪುಟ ಬೇರೆಯೇ ಲೋಕ. ಗೀಚು, ಕಾಟು. 'ಲಾ ಬೊಹೆಮ್' ಒಪೆರಾದ ಕೊನೆಯಲ್ಲಿ ಮಿಮಿ ಎಂಬ ಹುಡುಗಿ ಕ್ಷಯದಿಂದ ಸಾಯುತ್ತಾಳೆ. ಮೂಲಪ್ರತಿಯಲ್ಲಿ ಆ ಕ್ಷಣ ಬರುವ ಜಾಗದಲ್ಲಿ ಪುಚ್ಚೀನಿ ಒಂದು ತಲೆಬುರುಡೆ, ಅದರ ಕೆಳಗೆ ಎರಡು ಅಡ್ಡ ಎಲುಬು ಬರೆದಿಟ್ಟಿದ್ದಾನೆ. ಕರೆಂಟ್ ಕಂಬದ ಮೇಲೆ 'ಅಪಾಯ' ಅಂತ ಹಾಕುತ್ತಾರಲ್ಲ, ಆ ಚಿತ್ರ. ಅವನು ಅಳುತ್ತಾ ಬರೆದನೋ ನಗುತ್ತಾ ಬರೆದನೋ, ನೀವೇ ಊಹಿಸಿ.

ಅಚ್ಚಾದ ಪುಸ್ತಕ ಇದ್ದ ಮೇಲೆ ಮೂಲಪ್ರತಿ ಯಾಕೆ?

ಅಚ್ಚಿಗೆ ಹೋಗುವಾಗ ಆಗುವ ಎಡವಟ್ಟುಗಳನ್ನು ಅಚ್ಚುಕೂಟದ ಪರಿಚಯ ಇರುವವರಿಗೆ ಬೇರೆ ಹೇಳಬೇಕಿಲ್ಲ. ಸಂಗೀತದ ಅಚ್ಚು ಇನ್ನೂ ಕಷ್ಟ. ಸೀಸ, ತವರ ಬೆರೆತ ಮೆತ್ತನೆಯ ತಗಡು, ಅದರ ಮೇಲೆ ಗೆರೆ ಎಳೆದು, ಒಂದೊಂದು ಗುಂಡಿಗೂ ಮೊಹರಿನಂಥ ಪಂಚ್ ಇಟ್ಟು ಸುತ್ತಿಗೆಯಿಂದ ಹೊಡೆಯಬೇಕು. ಅದೂ ಕನ್ನಡಿಯಲ್ಲಿ ಕಂಡ ಹಾಗೆ, ಬಲದಿಂದ ಎಡಕ್ಕೆ. ತಪ್ಪಾಗದೆ ಇರುತ್ತದಾ?

ಕೈತಪ್ಪಿಗಿಂತ ದೊಡ್ಡ ತೊಂದರೆ ಅತಿಬುದ್ಧಿಯದು. ವೆರ್ದಿ ಪಿಟೀಲಿಗೆ ಮೆಲ್ಲಗೆ ಅಂತ, ಅದೇ ಜಾಗದಲ್ಲಿ ಕಹಳೆಗೆ ಇನ್ನೂ ಮೆಲ್ಲಗೆ ಅಂತ ಬರೆದಿದ್ದರೆ, ತಿದ್ದುವವರು ಮರೆತಿರಬೇಕು ಪಾಪ ಅಂದುಕೊಂಡು ಎರಡನ್ನೂ ಒಂದೇ ಮಾಡಿಬಿಡುತ್ತಿದ್ದರು. 1950ರ ದಶಕದ ಕೊನೆಯಲ್ಲಿ ಡೆನಿಸ್ ವಾನ್ ಎಂಬ ಆಸ್ಟ್ರೇಲಿಯದ ಕಂಡಕ್ಟರ್ (ಬಸ್ಸಿನವನಲ್ಲ, ಮುಂದೆ ನಿಂತು ಕೋಲಾಡಿಸಿ ಆರ್ಕೆಸ್ಟ್ರಾ ನಡೆಸುವವನು) ಮಿಲಾನಿಗೆ ಬಂದು ಅಚ್ಚಿನ 'ಫಾಲ್‌ಸ್ಟಾಫ್' ಸ್ಕೋರನ್ನು ಮೂಲಪ್ರತಿಯ ಪಕ್ಕ ಇಟ್ಟು ನೋಡಿ, 27,000 ಕಡೆ ವ್ಯತ್ಯಾಸ ಇದೆ ಅಂದರು. ದೊಡ್ಡ ಗಲಾಟೆಯಾಯಿತು. ಅವುಗಳಲ್ಲಿ ಬಹಳಷ್ಟು ಚುಕ್ಕೆ, ಗೆರೆಯಂಥ ಸಣ್ಣ ವಿಷಯ, ಕೆಲವನ್ನು ವೆರ್ದಿಯೇ ಆಮೇಲೆ ಬದಲಿಸಿರಬಹುದು ಅನ್ನುವ ವಾದವೂ ಬಂತು. ವೆರ್ದಿ ಬದುಕಿದ್ದಾಗಲೇ ಅಚ್ಚಾದ ಪುಸ್ತಕ ಅಲ್ವಾ ಅದು? ಹಾಗಾಗಿ ಮೂಲಪ್ರತಿಯೇ ಕೊನೆಯ ಮಾತು ಅಂತಲೂ ಹೇಳಲಾಗದು. ಮೂಲಪ್ರತಿ, ನಕಲು, ಮೊದಲ ಅಚ್ಚು, ಪತ್ರ ಎಲ್ಲ ಎದುರಿಗೆ ಹರಡಿಕೊಂಡು ಒಂದೊಂದು ಸ್ವರಕ್ಕೂ ನ್ಯಾಯ ಹೇಳಬೇಕು. ಪಂಪ ಭಾರತದ ಓಲೆಪ್ರತಿಗಳನ್ನು ಹೋಲಿಸಿ ನಮ್ಮ ಪಂಡಿತರು ಶುದ್ಧಪಾಠ ತಯಾರಿಸಿದರಲ್ಲ, ಅದೇ ಕೆಲಸ. ರಿಕೋರ್ದಿ ಮತ್ತು ಷಿಕಾಗೊ ವಿಶ್ವವಿದ್ಯಾಲಯದ ಮುದ್ರಣಾಲಯ ಸೇರಿ ವೆರ್ದಿಯ ಕೃತಿಗಳಿಗೆ ಇಂಥ ಪರಿಷ್ಕೃತ ಆವೃತ್ತಿ ಶುರು ಮಾಡಿದವು. ಮೊದಲ ಸಂಪುಟ 'ರಿಗೊಲೆತ್ತೊ', 1983ರಲ್ಲಿ ಬಂತು.

ಪುಚ್ಚೀನಿಯ 'ಮದಾಮ ಬಟರ್‌ಫ್ಲೈ' ಉದಾಹರಣೆ ಇನ್ನೂ ಸ್ವಾರಸ್ಯ. 1904ರ ಫೆಬ್ರವರಿ 17ರಂದು ಲಾ ಸ್ಕಾಲಾದಲ್ಲಿ ಮೊದಲ ಪ್ರಯೋಗ. ಜನ ಕೂಗಾಡಿ, ಸೀಟಿ ಹಾಕಿ ಮಣ್ಣುಪಾಲು ಮಾಡಿದರು. ಪುಚ್ಚೀನಿ ಅದನ್ನು ವಾಪಸ್ ತೆಗೆದುಕೊಂಡು, ಕತ್ತರಿಸಿ, ಹೊಲಿದು, ಮೂರೇ ತಿಂಗಳಲ್ಲಿ ಮೇ 28ರಂದು ಬ್ರೆಶಾ ಎಂಬ ಊರಿನಲ್ಲಿ ಮತ್ತೆ ಆಡಿಸಿದ. ಗೆದ್ದಿತು. ಆಮೇಲೂ ಸುಮ್ಮನಿರದೆ ಮತ್ತೆ ಮತ್ತೆ ತಿದ್ದಿದ. ಜಗತ್ತು ನೋಡುತ್ತಾ ಬಂದದ್ದು ತಿದ್ದಿದ್ದನ್ನೇ. ಹಾಗಾದರೆ ಆ ರಾತ್ರಿ ಸೋತದ್ದು ಹೇಗಿತ್ತು? ಹಳೆಯ ಹಾಳೆಗಳು ಉಳಿದಿದ್ದರಿಂದ 2016ರ ಡಿಸೆಂಬರಿನಲ್ಲಿ ಲಾ ಸ್ಕಾಲಾ ತನ್ನ ಸೀಸನ್ನನ್ನು ಆ ಮೊದಲ ರೂಪದಿಂದಲೇ ಶುರು ಮಾಡಿತು. ಈ ಸಲ ಯಾರೂ ಕೂಗಾಡಲಿಲ್ಲ.

ಬಾಂಬು, ಮತ್ತು ಮಸಿ

1943ರ ಆಗಸ್ಟಿನಲ್ಲಿ ಮಿಲಾನ್ ಮೇಲೆ ಬ್ರಿಟಿಷ್ ವಿಮಾನಗಳು ಬಾಂಬು ಸುರಿದವು. ಲಾ ಸ್ಕಾಲಾದ ಮಾಡು ಕುಸಿಯಿತು. ರಿಕೋರ್ದಿಯ ಕಟ್ಟಡಗಳೂ ಅಚ್ಚುಕೂಟವೂ ಹೋದವು. ಕೆತ್ತಿದ ತಗಡುಗಳು, ಬಾಡಿಗೆಗೆ ಇಟ್ಟಿದ್ದ ಪಾರ್ಟ್‌ಗಳು ಬಹಳಷ್ಟು ನಾಶವಾದವು. ಮೂಲಪ್ರತಿಗಳನ್ನು ಮಾತ್ರ ಮೊದಲೇ ಬೇರೆ ಕಡೆ ಸಾಗಿಸಿದ್ದರು.

ಬಾಂಬು ಒಂದು ದಿನದ ಮಾತು. ದಿನಾ ಕಾಡುವ ಶತ್ರು ಮಸಿಯೇ. ಆ ಕಾಲದ ಮಸಿ ಮಾಡುತ್ತಿದ್ದದ್ದು ಓಕ್ ಮರದ ಗಂಟುಕಾಯಿಯ ಒಗರು ಮತ್ತು ಅನ್ನಭೇದಿ ಬೆರೆಸಿ. ನಮ್ಮಲ್ಲಿ ಅಳಲೆಕಾಯಿ, ಅನ್ನಭೇದಿ ಕುದಿಸಿ ಮಸಿ ಮಾಡುತ್ತಿದ್ದರು, ಎರಡಕ್ಕೂ ರಸಾಯನ ಒಂದೇ. ಬರೆಯುವಾಗ ಮಬ್ಬು, ಗಾಳಿ ತಾಗಿದ ಮೇಲೆ ಗಾಢ ಕಪ್ಪು, ವರ್ಷಗಳು ಕಳೆದ ಹಾಗೆ ಕಂದು. ಅದರಲ್ಲಿ ಹುಳಿ ಇದೆ, ಕಬ್ಬಿಣ ಇದೆ, ಎರಡೂ ಸೇರಿ ಕಾಗದವನ್ನು ಮೆಲ್ಲಗೆ ತಿನ್ನುತ್ತವೆ. ಗಟ್ಟಿಯಾಗಿ ಒತ್ತಿ ಬರೆದ ಸ್ವರದ ಗುಂಡು ಮೊದಲು ತೂತಾಗುತ್ತದೆ. ತೇವ ಜಾಸ್ತಿಯಾದರೆ ಈ ಕೆಲಸ ಜೋರಾಗುತ್ತದೆ, ಹಾಗಾಗಿ ಕೋಣೆಯ ತೇವ, ಬಿಸಿ, ಬೆಳಕು ಎಲ್ಲಕ್ಕೂ ಲೆಕ್ಕ ಇಡಬೇಕು. ಪತ್ರ, ಲಿಬ್ರೆಟೋ, ಚಿತ್ರಗಳ ಸ್ಕ್ಯಾನ್ ಪ್ರತಿಗಳನ್ನು ಅಂತರ್ಜಾಲದಲ್ಲಿ ಹಾಕಿದ್ದಾರೆ, ಕೂತಲ್ಲೇ ನೋಡಬಹುದು. ಸ್ಕ್ಯಾನಿನ ದೊಡ್ಡ ಲಾಭ ನಮಗಲ್ಲ, ಹಾಳೆಗೆ. ಅದನ್ನು ಮುಟ್ಟುವ ಕೈಗಳು ಕಡಿಮೆಯಾಗುತ್ತವೆ.

ಈಗ ಇದು ಯಾರದು?

ಇದು ಸ್ವಲ್ಪ ಗೋಜಲು. 1994ರಲ್ಲಿ ಬೆರ್ಟೆಲ್ಸ್‌ಮಾನ್ ಎಂಬ ಜರ್ಮನಿಯ ದೊಡ್ಡ ಕಂಪನಿ ರಿಕೋರ್ದಿಯನ್ನು ಕೊಂಡುಕೊಂಡಿತು. ಹನ್ನೆರಡು ವರ್ಷದ ಮೇಲೆ ಸಂಗೀತ ಪ್ರಕಾಶನದ ವ್ಯವಹಾರವನ್ನು ಯುನಿವರ್ಸಲ್ ಕಂಪನಿಗೆ ಮಾರಿತು. ಪತ್ರಾಗಾರವನ್ನು ಮಾತ್ರ ಮಾರಲಿಲ್ಲ, ತಾನೇ ಇಟ್ಟುಕೊಂಡಿತು. ಅಂದರೆ ಈಗ ಅಂಗಡಿ ಒಬ್ಬರದು, ಹಳೆಯ ಗೋಡೌನು ಇನ್ನೊಬ್ಬರದು. ಗೋಡೌನಿನ ಒಡೆಯರು ಜರ್ಮನಿಯವರು, ಸರಕು ಮಾತ್ರ 2003ರಿಂದ ಮಿಲಾನಿನ ಬ್ರೆರಾದಲ್ಲೇ ಇದೆ.

ಕಾಗದದ ಒಡೆತನ ಬೇರೆ, ಸಂಗೀತದ ಹಕ್ಕು ಬೇರೆ ಅನ್ನೋದನ್ನೂ ಗಮನಿಸಿ. ಯುರೋಪಿನಲ್ಲಿ ಲೇಖಕ ತೀರಿಕೊಂಡು 70 ವರ್ಷ, ನಮ್ಮಲ್ಲಿ 60 ವರ್ಷ ಹಕ್ಕು ಇರುತ್ತದೆ. ವೆರ್ದಿ ಹೋದದ್ದು 1901ರಲ್ಲಿ, ಪುಚ್ಚೀನಿ 1924ರಲ್ಲಿ. ಅವರ ರಾಗಗಳನ್ನು ಈಗ ಯಾರೂ ಹಾಡಬಹುದು. ಆದರೆ ಹೊಸದಾಗಿ ಪರಿಷ್ಕರಿಸಿದ ಆವೃತ್ತಿಯ ಮೇಲೆ ಪ್ರಕಾಶಕರಿಗೆ ಬೇರೆ ಹಕ್ಕಿರುತ್ತದೆ, ರಂಗಮಂದಿರಗಳು ಅದನ್ನು ಇವತ್ತಿಗೂ ಬಾಡಿಗೆಗೇ ತರಿಸುತ್ತವೆ. 'ತುರಾಂದೋತ್' ಲೆಕ್ಕ ಇನ್ನೂ ಮಜಾ. ಪುಚ್ಚೀನಿ ಅದನ್ನು ಮುಗಿಸದೆ ತೀರಿಕೊಂಡ, ಅವನು ಬಿಟ್ಟುಹೋದ ಟಿಪ್ಪಣಿ ಹಾಳೆಗಳಿಂದ ಕೊನೆಯ ಭಾಗವನ್ನು ಬರೆದವನು ಫ್ರಾಂಕೊ ಅಲ್ಫಾನೊ. 1926ರ ಏಪ್ರಿಲ್ 25ರ ಮೊದಲ ಪ್ರಯೋಗದಲ್ಲಿ ಕಂಡಕ್ಟರ್ ತೊಸ್ಕಾನೀನಿ ಪುಚ್ಚೀನಿ ಬರೆದಷ್ಟನ್ನು ಮಾತ್ರ ನುಡಿಸಿ, ಕೋಲು ಕೆಳಗಿಟ್ಟುಬಿಟ್ಟ. ಅಲ್ಫಾನೊ ಸತ್ತದ್ದು 1954ರಲ್ಲಿ. ಹಾಗಾಗಿ ಯುರೋಪಿನಲ್ಲಿ ಆ ಒಂದು ಕೊನೆ ಎಲ್ಲರದಾದದ್ದು 2025ರ ಜನವರಿಯಲ್ಲಿ.

ಅಂಗಡಿ ಇಲ್ಲದವನ ಕಥೆ

ಇಂಥ ಅಂಗಡಿಯೊಂದು ಇರದಿದ್ದರೆ ಏನಾಗುತ್ತಿತ್ತು ಅನ್ನೋದಕ್ಕೆ ಇಟಲಿಯ ಸಂಗೀತಗಾರ ವಿವಾಲ್ದಿ ಇದ್ದಾನೆ. 1741ರಲ್ಲಿ ವಿಯೆನ್ನಾದಲ್ಲಿ ಬಡತನದಲ್ಲಿ ತೀರಿಕೊಂಡ, ಜನ ಮರೆತೇಬಿಟ್ಟರು. ಅಚ್ಚಾಗಿದ್ದ ಕೆಲವು ಕೃತಿಗಳು ಗೊತ್ತಿದ್ದವು, ಉಳಿದದ್ದರ ಸುಳಿವಿಲ್ಲ.

1926ರಲ್ಲಿ ಉತ್ತರ ಇಟಲಿಯ ಒಂದು ಕ್ರೈಸ್ತ ಮಠದ ಶಾಲೆಗೆ ಕಟ್ಟಡ ರಿಪೇರಿಗೆ ದುಡ್ಡು ಬೇಕಾಯಿತು. ಹಳೇ ಸಂಗೀತ ಪುಸ್ತಕಗಳನ್ನು ಮಾರೋಣ, ಎಷ್ಟು ಬೆಲೆ ಬಾಳುತ್ತವೆ ನೋಡಿ ಅಂತ ತುರೀನ್ ನಗರದ ರಾಷ್ಟ್ರೀಯ ಗ್ರಂಥಾಲಯವನ್ನು ಕೇಳಿದರು. ಗ್ರಂಥಾಲಯದವರು ಸಂಗೀತ ವಿದ್ವಾಂಸ ಅಲ್ಬೆರ್ತೊ ಜೆಂತೀಲಿಗೆ ತೋರಿಸಿದರು. ಪೆಟ್ಟಿಗೆ ಬಿಚ್ಚಿದರೆ ಒಳಗೆ ವಿವಾಲ್ದಿಯ ಹದಿನಾಲ್ಕು ಸಂಪುಟ. ಗ್ರಂಥಾಲಯದ ಬಳಿ ದುಡ್ಡಿಲ್ಲ. ರೊಬೆರ್ತೊ ಫೋವಾ ಎಂಬ ಷೇರು ವ್ಯಾಪಾರಿ ಕೊಂಡು ಗ್ರಂಥಾಲಯಕ್ಕೆ ಕೊಟ್ಟ. ನೋಡಿದರೆ ಸಂಗ್ರಹ ಅರ್ಧಂಬರ್ಧ, ಯಾವುದೋ ಮನೆಯಲ್ಲಿ ಪಾಲಾದ ಹಾಗಿತ್ತು. ಇನ್ನರ್ಧ ಜೆನೊವಾದ ಒಬ್ಬ ಸಿರಿವಂತ ಮುದುಕನ ಮನೆಯಲ್ಲಿ ಸಿಕ್ಕಿತು, ಅದನ್ನು 1930ರಲ್ಲಿ ಫಿಲಿಪ್ಪೊ ಜೊರ್ದಾನೊ ಎಂಬ ಬಟ್ಟೆ ಗಿರಣಿಯವನು ಕೊಂಡುಕೊಟ್ಟ. ನೂರಾರು ಕೃತಿಗಳು, ಯಾರೂ ಕೇಳದೇ ಇದ್ದವು. ಅವುಗಳನ್ನೆಲ್ಲ ಅಚ್ಚು ಹಾಕುವ ಕೆಲಸ 1947ರಲ್ಲಿ ಶುರುವಾಯಿತು. ಪ್ರಕಾಶಕರು ಯಾರು ಅಂತೀರಿ? ಮಿಲಾನಿನ ರಿಕೋರ್ದಿ.

ಕೊಂಡುಕೊಟ್ಟ ಆ ಇಬ್ಬರಿಗೂ ಒಂದೊಂದು ಎಳೆಯ ಗಂಡುಮಗು ತೀರಿಕೊಂಡಿತ್ತು. ಮಕ್ಕಳ ಹೆಸರಿಡಿ ಅಂದಿದ್ದರು. ತುರೀನಿನ ಆ ಸಂಪುಟಗಳಿಗೆ ಇವತ್ತಿಗೂ ಮೌರೊ ಫೋವಾ ಸಂಗ್ರಹ, ರೆಂಜೊ ಜೊರ್ದಾನೊ ಸಂಗ್ರಹ ಅಂತಲೇ ಹೆಸರು.